ಟೊಮೆಟೊ ಹೂವಿನಲ್ಲಿ ಏರುವ ಶ್ರುತಿ

ಮುಳಬಾಗಿಲಿನ ಹತ್ತಿರವಿರುವ ನಮ್ಮ ಚಿಕ್ಕಪ್ಪನ ಟೊಮೆಟೊ ತೋಟದಲ್ಲಿ ಕಳೆದ ಭಾನುವಾರ ಬೆಳಗ್ಗೆ ನಿಂತಿದ್ದಾಗ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಜೇನುಹುಳುವೊಂದು ನೀಲಗಿರಿ ಕಡ್ಡಿಗಳ ನಡುವೆ ಹಾರಿಬಂದು ಹೂವೊಂದಕ್ಕೆ ಜೋತುಬಿತ್ತು. ಕುಳಿತ ಕೂಡಲೇ ಝೇಂಕಾರ ನಿಲ್ಲುತ್ತದೆಂದುಕೊಂಡಿದ್ದೆ. ಆದರೆ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಂಡ ನಂತರ ಸದ್ದು ಇನ್ನೂ ತಾರಕ್ಕೇರಿತು.

ಈ ಸದ್ದು ಹುಟ್ಟುವುದು ಎದೆಯ ಸ್ನಾಯುಗಳಲ್ಲಿ. ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ರೆಕ್ಕೆ ಬಡಿಯುವ ಚಿಟ್ಟೆಗೆ ಬಡಿತಕ್ಕೊಂದರಂತೆ ನರದ ಸಂಕೇತ ಸಾಕು. ಜೇನುನೊಣ ಬಡಿಯುವುದು ಸುಮಾರು 230 ಬಾರಿ. ಹಾರ್ಮೋನಿಯಂ ನುಡಿಸುವವರು ಅದನ್ನು ಕಪ್ಪು ಐದರ ಹತ್ತಿರದ ಸ್ವರವೆಂದು ಗುರುತಿಸಿಯಾರು. ಇಂಥ ವೇಗದಲ್ಲಿ ಪ್ರತಿ ಬಡಿತಕ್ಕೂ ನರ ಅಪ್ಪಣೆ ಕೊಡುತ್ತ ಕೂರಲಾಗದು. ಎದೆಗೂಡಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಜೊತೆ, ಮುಂದಿನಿಂದ ಹಿಂದಕ್ಕೆ ಇನ್ನೊಂದು ಜೊತೆ ಸ್ನಾಯುಗಳಿದ್ದು, ಒಂದು ಕುಗ್ಗಿದಾಗ ಇನ್ನೊಂದು ಹಿಗ್ಗುತ್ತದೆ, ಹಾಗೆ ಹಿಗ್ಗಿದ್ದೇ ಅದು ಕುಗ್ಗಲು ಪ್ರೇರಣೆಯಾಗುತ್ತದೆ. ನರ ಆಗೊಮ್ಮೆ ಈಗೊಮ್ಮೆ ಸಂಕೇತ ಕಳಿಸುತ್ತಿದ್ದರೆ ಎದೆಗೂಡು ತಾನಾಗಿಯೇ ಕಂಪಿಸುತ್ತಿರುತ್ತದೆ. ರೆಕ್ಕೆಗಳು ಆ ಕಂಪನಕ್ಕೆ ಆಡುತ್ತವೆ. ಇಷ್ಟು ಚಿಕ್ಕ ದೇಹದಲ್ಲಿ ಇಂಥ ಏರ್ಪಾಡಿರುವುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಹೂವಿನ ಮೇಲೆ ಕುಳಿತ ಹುಳು ರೆಕ್ಕೆಗಳನ್ನು ಸುಮ್ಮನಿರಿಸಿ ಅವೇ ಸ್ನಾಯುಗಳನ್ನು ಓಡಿಸುತ್ತದೆ. ಗಾಳಿಯನ್ನು ತಳ್ಳುವ ಹೊರೆ ಇಲ್ಲದ್ದರಿಂದ ಕಂಪನದ ವೇಗ ಹೆಚ್ಚಿ ಶ್ರುತಿ ಏರುತ್ತದೆ. ಟೊಮೆಟೊ ಮತ್ತು ಬದನೆ ಹೂಗಳ ಪರಾಗ ಹೊರಗೆ ಹರಡಿಕೊಂಡಿರದೆ ಕೇಸರಗಳ ಕೊಳವೆಯೊಳಗೆ ಅಡಗಿರುತ್ತದೆ. ಬದನೆಯಲ್ಲಂತೂ ಅದು ಈಚೆ ಬರಲು ತುದಿಯ ಸಣ್ಣ ರಂಧ್ರವೇ ದಾರಿ. ಗಾಳಿಗೆ ಗಿಡ ಅಲುಗಿದರೂ ಟೊಮೆಟೊ ಒಂದಿಷ್ಟು ಕಾಯಿ ಕಚ್ಚುತ್ತದೆಯಾದರೂ, ಈ ನಡುಕ ತಾಗಿದ ಹೂವಿನಿಂದ ಪರಾಗ ಉಪ್ಪುಡಿಯಂತೆ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣಕ್ಕೆ ಈ ವಿದ್ಯೆ ಬಾರದು. ನೀಲಿ ಪಟ್ಟೆಯ ಹುಳುವಿಗೂ ಒಣಮರ ಕೊರೆಯುವ ಕರಿ ದುಂಬಿಗೂ ಬರುತ್ತದೆ.

ಕಂಪಿಸುವಾಗ ಹಿಡಿತ ತಪ್ಪದಿರಲೆಂದು ಈ ವಿದ್ಯೆ ಬಲ್ಲ ಹಲವು ಹುಳುಗಳು ಕೇಸರದ ಕೊಳವೆಯನ್ನು ದವಡೆಯಿಂದ ಕಚ್ಚಿರುತ್ತವೆ. ಕಚ್ಚಿದ ಜಾಗ ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಇದನ್ನು ತೋರಿಸಿದಾಗ ಚಿಕ್ಕಪ್ಪ, "ರೋಗ ಅಂತ ತಿಳಿದು ಔಷಧಿ ಹೊಡೀಬೇಕು ಅಂತಿದ್ದೆನಲ್ಲಪ್ಪಾ" ಎಂದರು. ಆ ಸಾಲಿನಲ್ಲಿ ಇಬ್ಬರೂ ಸೇರಿ ನೋಡಿದ ಹನ್ನೆರಡು ಹೂಗಳ ಪೈಕಿ ಒಂಬತ್ತರಲ್ಲಿ ಆ ಕಂದು ಕಲೆಯಿತ್ತು.