ಮಿರ್ಜಾನದಿಂದ ಊಟಿಗೆ ಮೂರು, ಲವ್‌ಡೇಲ್‌ನಿಂದ ಶಿಮ್ಲಾಕ್ಕೆ ನಾಲ್ಕು

ನಮ್ಮ ದೇಶದಲ್ಲಿ ಯಾವ ಎರಡು ರೈಲು ಸ್ಟೇಷನ್‌ಗಳ ನಡುವೆ ಹೋಗಲು ಅತಿ ಹೆಚ್ಚು ಸಲ ಗಾಡಿ ಬದಲಿಸಬೇಕು? ಸುತ್ತುಬಳಸಿ ಹೋದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಅದು ಲೆಕ್ಕಕ್ಕಿಲ್ಲ. ಎಷ್ಟೇ ಜಾಣತನದಿಂದ ದಾರಿ ಹುಡುಕಿದರೂ ಇಷ್ಟು ಸಲ ಇಳಿದು ಹತ್ತಲೇಬೇಕು ಅನ್ನುವಂಥ ಜೋಡಿ ಬೇಕು. ಕುಮಟಾದಲ್ಲಿ ಕೂತು ಈ ಲೆಕ್ಕ ಮಾಡುತ್ತಿದ್ದೇನೆ. ಕರಾವಳಿಯ ಭಾಗ ಮುಗಿದಿದೆ, ದಕ್ಷಿಣದ್ದು ಬಹುಪಾಲು ಆಗಿದೆ.

ನಿಯಮ ಸರಳ. ಎಷ್ಟು ಹೊತ್ತು ಕಾದರೂ ಪರವಾಗಿಲ್ಲ. ಗಾಡಿ ವಾರಕ್ಕೊಮ್ಮೆ ಓಡಿದರೂ ಸರಿ. ಆದರೆ ಆಟೋ, ಬಸ್ಸು ಇಲ್ಲ. ಹಾಗಾಗಿ ಮಂಗಳೂರು ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕು ಅಂದರೆ ನಡುವೆ ಮತ್ತೊಂದು ರೈಲು ಬೇಕು.

ಶುರು ಮಾಡಿದ್ದು ಮಿರ್ಜಾನದಿಂದ. ಅಲ್ಲಿ ನಿಲ್ಲುವುದು ಮಡಗಾಂವ್–ಮಂಗಳೂರು ಪ್ಯಾಸೆಂಜರ್ ಗಾಡಿ. ಎಕ್ಸ್‌ಪ್ರೆಸ್‌ಗಳು ಸುಮ್ನೆ ದಾಟಿ ಹೋಗುತ್ತವೆ. ಹಾರವಾಡ, ಚಿತ್ರಾಪುರದ ಕತೆಯೂ ಅದೇ. ಮೊದಲ ಸುತ್ತಿನಲ್ಲಿ, ಅಂದರೆ ಬದಲಿಸದೆ ಮುಟ್ಟುವ ಊರುಗಳಲ್ಲಿ, ಮಡಗಾಂವದಿಂದ ಮಂಗಳೂರಿನ ತನಕದ ಸ್ಟೇಷನ್‌ಗಳಷ್ಟೇ ಸಿಗುತ್ತವೆ. ಆ ಸ್ಟೇಷನ್‌ಗಳಲ್ಲಿ ನಿಲ್ಲುವ ಬೇರೆಲ್ಲ ಗಾಡಿಗಳೂ ಎರಡನೇ ಸುತ್ತಿಗೆ ಬರುತ್ತವೆ. ಅಲ್ಲಿ ಪಟ್ಟಿ ಒಮ್ಮೆಲೇ ಊದಿಕೊಳ್ಳುತ್ತದೆ. ಒಂದೇ ಬದಲಾವಣೆಯಲ್ಲಿ ದೆಹಲಿ, ಮುಂಬೈ, ತಿರುವನಂತಪುರ ಎಲ್ಲ ಬಂದುಬಿಡುತ್ತವೆ! ಹೀಗೆ ಸುತ್ತು ಸುತ್ತಾಗಿ ಹುಡುಕುವ ವಿಧಾನವನ್ನು ಅಮೆರಿಕದ ಗಣಿತಜ್ಞ ಎಡ್ವರ್ಡ್ ಮೂರ್ 1959ರಲ್ಲಿ ಪ್ರಕಟಿಸಿದರು. ಸಿಕ್ಕುದಾರಿಗಳ ನಡುವೆ ಹತ್ತಿರದ ಹಾದಿ ಹುಡುಕುವುದು ಅವರ ಉದ್ದೇಶ. ನನಗೆ ಹತ್ತಿರ ಅಂದರೆ ಕಡಿಮೆ ಬದಲಾವಣೆ, ಕಿಲೋಮೀಟರ್ ಅಲ್ಲ.

ಕಿಲೋಮೀಟರಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ವಿಚಿತ್ರ ಇದೆ. ಹೊನ್ನಾವರದಿಂದ ತಾಳಗುಪ್ಪಕ್ಕೆ ಗೇರುಸೊಪ್ಪೆ ಘಾಟಿ ಹತ್ತಿದರೆ ಬಸ್ಸಿನಲ್ಲಿ ಎರಡು-ಮೂರು ತಾಸು. ರೈಲಿನಲ್ಲಿ ಮಂಗಳೂರು ಕಡೆ ಇಳಿದು, ಸಕಲೇಶಪುರ ಘಾಟಿ ಹತ್ತಿ, ಹಾಸನ, ಅರಸೀಕೆರೆ, ಶಿವಮೊಗ್ಗ ಸುತ್ತಿ ಬರಬೇಕು. ಅಷ್ಟಾದರೂ ಬದಲಾವಣೆ ಒಂದೇ: ಕಾರವಾರ–ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಹಾಸನಕ್ಕೆ, ಅಲ್ಲಿಂದ ಮೈಸೂರು–ತಾಳಗುಪ್ಪ ಗಾಡಿ. ಶಿರಸಿಯವರಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ, ಪಾಪ. ಸ್ಟೇಷನ್ನೇ ಇಲ್ಲವಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಆದ ದಿನ ಈ ಕಡೆಯ ಪಟ್ಟಿ ಪೂರ್ತಿ ಹೊಸದಾಗಿ ಬರೆಯುತ್ತೇನೆ, ಖುಷಿಯಿಂದಲೇ.

ಏಳು ಸಾವಿರಕ್ಕೂ ಹೆಚ್ಚು ಸ್ಟೇಷನ್‌ಗಳಿವೆ. ಎಲ್ಲ ಜೋಡಿ ನೋಡುವ ಬದಲು ಒಂದು ಒಳದಾರಿ ಹಿಡಿದಿದ್ದೇನೆ. ಹಾರವಾಡದಲ್ಲಿ ನಿಲ್ಲುವ ಗಾಡಿಗಳೆಲ್ಲ ಅಂಕೋಲಾದಲ್ಲೂ ನಿಲ್ಲುತ್ತವೆ. ಅಂದರೆ ಹಾರವಾಡದಿಂದ ಮೂರನೇ ಊರಿಗೆ ಎಷ್ಟು ಬದಲಾವಣೆ ಬೇಕೋ, ಅಂಕೋಲಾದಿಂದ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಾಕು. ಜಾಸ್ತಿ ಆಗಲು ಸಾಧ್ಯವೇ ಇಲ್ಲ. ಹಾಗಾದರೆ ಅಂಕೋಲಾವನ್ನು ಬಿಟ್ಟು ಹಾರವಾಡ ಒಂದನ್ನೇ ನೋಡಿದರಾಯಿತು, ಅಲ್ವಾ? ಈ ಜರಡಿಯಲ್ಲಿ ದೊಡ್ಡ ಸ್ಟೇಷನ್‌ಗಳೆಲ್ಲ ಉದುರಿ, ಹಾಲ್ಟ್‌ಗಳು (ಕೆಲವೇ ಗಾಡಿ ನಿಲ್ಲುವ ಪುಟ್ಟ ನಿಲ್ದಾಣಗಳು) ಮತ್ತು ಕವಲು ಮಾರ್ಗದ ತುದಿಗಳು ಮಾತ್ರ ಉಳಿಯುತ್ತವೆ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲಿನ ಕೆಲಸ, ಉಳಿಯುವ ಶ್ರಮ ಅಷ್ಟಿಷ್ಟಲ್ಲ.

ಉಳಿದವುಗಳಲ್ಲಿ ಗಟ್ಟಿಗರು ಬೆಟ್ಟದ ರೈಲುಗಳು. ಮೆಟ್ಟುಪಾಳ್ಯಂನಿಂದ ಊಟಿಗೆ ಹತ್ತುವ ನೀಲಗಿರಿಯದು 1,000 ಮಿಲಿಮೀಟರ್ ಮೀಟರ್ ಗೇಜ್, ಕಾಲ್ಕಾ–ಶಿಮ್ಲಾ 762, ಡಾರ್ಜಿಲಿಂಗ್ 610. ನಮ್ಮ ಬ್ರಾಡ್ ಗೇಜ್ 1,676. ಹಳಿಯ ಅಗಲವೇ ಬೇರೆಯಾದ್ದರಿಂದ ಬುಡದಲ್ಲಿ ಇಳಿಯದೆ ಗತಿಯಿಲ್ಲ. ಮಿರ್ಜಾನದಿಂದ ಊಟಿಗೆ ಮಂಗಳೂರು, ಕೊಯಮತ್ತೂರು, ಮೆಟ್ಟುಪಾಳ್ಯಂ: ಮೂರು ಬದಲಾವಣೆ. ಶಿಮ್ಲಾಕ್ಕೆ ಮಡಗಾಂವ್, ಚಂಡೀಗಢ, ಕಾಲ್ಕಾ: ಅದೂ ಮೂರೇ!

ಎರಡು ಬೆಟ್ಟದ ರೈಲುಗಳನ್ನೇ ಜೋಡಿ ಮಾಡಿದರೆ? ಊಟಿಗೆ ಮುಂಚಿನ ಲವ್‌ಡೇಲ್‌ನಿಂದ ಶಿಮ್ಲಾಕ್ಕೆ ಮೆಟ್ಟುಪಾಳ್ಯಂ, ಚೆನ್ನೈ, ದೆಹಲಿ, ಕಾಲ್ಕಾ. ನಾಲ್ಕು. ಇದನ್ನು ಇಳಿಸಲು ಆಗುವುದಿಲ್ಲ. ಮೆಟ್ಟುಪಾಳ್ಯಂನಿಂದ ಹೊರಡುವ ಯಾವ ಗಾಡಿಯೂ ತಮಿಳುನಾಡು ದಾಟುವುದಿಲ್ಲ, ತಮಿಳುನಾಡಿನಿಂದ ಕಾಲ್ಕಾಕ್ಕೆ ನೇರ ಗಾಡಿಯೂ ಇಲ್ಲ. ಸದ್ಯ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿರುವುದು ಈ ಜೋಡಿ.

ಡಾರ್ಜಿಲಿಂಗ್ ಮಾರ್ಗದ ಘುಮ್‌ನಿಂದ ಲವ್‌ಡೇಲ್‌ಗೂ ನಾಲ್ಕು ಬರುತ್ತದೆ ಅಂತ ಅನಿಸುತ್ತದೆ. ಬರುವುದಿಲ್ಲ. ದಿಬ್ರುಗಢ–ಕನ್ಯಾಕುಮಾರಿ ವಿವೇಕ್ ಎಕ್ಸ್‌ಪ್ರೆಸ್ ನ್ಯೂ ಜಲಪಾಯ್‌ಗುರಿಯನ್ನೂ ಕೊಯಮತ್ತೂರನ್ನೂ ಒಂದೇ ಓಟದಲ್ಲಿ ಮುಟ್ಟುತ್ತದೆ. ಹಾಗಾಗಿ ನ್ಯೂ ಜಲಪಾಯ್‌ಗುರಿ, ಕೊಯಮತ್ತೂರು, ಮೆಟ್ಟುಪಾಳ್ಯಂ: ಮೂರೇ. ನಾಲ್ಕು ಸಾವಿರ ಕಿಲೋಮೀಟರ್ ದಾಟಿದ ಇಂಥ ಒಂದು ಗಾಡಿ ಎಷ್ಟೋ ಜೋಡಿಗಳ ಲೆಕ್ಕದಲ್ಲಿ ಒಂದೊಂದು ಕಡಿಮೆ ಮಾಡಿಬಿಡುತ್ತದೆ. ಅದಕ್ಕೇ ಮುಂದಿನ ಸಲ ಉದ್ದದ ಗಾಡಿಗಳನ್ನು ಮೊದಲು ತುಂಬಿಸಿ, ಆಮೇಲೆ ಹಾಲ್ಟ್‌ಗಳಿಗೆ ಬರುತ್ತೇನೆ.

ಈಗ ಹುಡುಕುತ್ತಿರುವುದು ಐದರ ಜೋಡಿ. ಶಿಮ್ಲಾ ತುದಿಯನ್ನು ಹಾಗೇ ಇಟ್ಟು, ಇನ್ನೊಂದು ತುದಿಗೆ ದೊಡ್ಡ ಜಂಕ್ಷನ್ ಮುಟ್ಟಲು ಎರಡು ಗಾಡಿ ಬೇಕಾಗುವ ಹಾಲ್ಟ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದೇನೆ. ರಾಜಸ್ಥಾನದ ಗಡಿಯ ಮುನಾಬಾವ್ ಮೊದಲು, ಆಮೇಲೆ ಅಸ್ಸಾಂ ಕಡೆಯವು. ಕಾಯುವ ಹೊತ್ತಿನ ಲೆಕ್ಕ ಅದಾದ ಮೇಲೆ. ಅದಕ್ಕೆ ಕೊಂಕಣ ರೈಲ್ವೆಯ ಮಳೆಗಾಲದ ಟೈಮ್‌ಟೇಬಲನ್ನೂ ಬೇರೆಯಾಗಿ ತುಂಬಿಸಬೇಕು.