ಚಿಕ್ಕಪ್ಪನ ಕೆಮ್ಮು ಮತ್ತು ಎಲಿಯಟ್ ಲೇಕ್

"ಅದು ಟಿಬಿ ಅಂತ ನಿಮಗೆ ಹೇಳಿದ್ದು ಯಾರು?"

ಪಕ್ಕದ ಮನೆಯ ತಾತ ಹೋದ ವಾರ ಹೀಗೆ ಕೇಳಿದರು. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ನಾವಿರುವುದು ಕೆನಡಾದ ಸಡ್‌ಬರಿಯಲ್ಲಿ. ಇದು ನಿಕ್ಕಲ್ ಗಣಿಗಳ ಊರು. ತಾತ ಮಾತ್ರ ನಿಕ್ಕಲ್ ತೆಗೆದವರಲ್ಲ. ಇಲ್ಲಿಂದ ಸುಮಾರು ಎರಡು ಗಂಟೆ ದಾರಿಯ ಎಲಿಯಟ್ ಲೇಕ್‌ನಲ್ಲಿ ಯುರೇನಿಯಂ ಗಣಿಗೆ ಇಳಿದವರು. ನನ್ನ ಮಗಳು ಅವರನ್ನು 'ತಾತ' ಅಂತಲೇ ಕರೆಯುತ್ತಾಳೆ. ಬೇಲಿ ಹತ್ತಿರ ನಿಂತು ಮಾತಾಡುವಾಗ ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಅವತ್ತು ಅವರು ಕೆಮ್ಮಿದ್ದು ಕೇಳಿ ನನಗೆ ಚಿಕ್ಕಪ್ಪನ ನೆನಪು ಬಂತು. ಬೇಲೂರಿನ ಹತ್ತಿರದ ನಮ್ಮೂರು, ಜಲ್ಲಿ ಕ್ರಷರ್‌ನಲ್ಲಿ ಚಿಕ್ಕಪ್ಪನ ಕೆಲಸ, ಟಿಬಿ ಬಂದು ತೀರಿಕೊಂಡಿದ್ದು ಎಲ್ಲ ಹೇಳಿದೆ. ಕ್ರಷರ್ ಅಂದ ಕೂಡಲೇ ತಾತ ತಲೆ ಎತ್ತಿದರು. "ಕಲ್ಲು ಪುಡಿ ಮಾಡುವ ಕೆಲಸವಾ? ಎಷ್ಟು ವರ್ಷ?" ಅಂದರು. ಆಮೇಲೆ ಆ ಪ್ರಶ್ನೆ.

ಹೇಳಿದ್ದು ಯಾರು ಅಂದರೆ, ಎಲ್ಲರೂ. ಆಸ್ಪತ್ರೆಯವರು ಹೇಳಿದರು, ಊರು ಹೇಳಿತು, ನಾವೂ ನಂಬಿದೆವು. ಮಾತ್ರೆ ನುಂಗಿ ಮುಗಿದ ಮೇಲೂ ಕೆಮ್ಮು ಹೋಗಲಿಲ್ಲ. ಏನು ಕೆಲಸ ಮಾಡುತ್ತೀಯಪ್ಪ ಅಂತ ಮಾತ್ರ ಯಾರೂ ಕೇಳಲಿಲ್ಲ.

ತಾತನ ಊರಿನ ಕತೆ ಕೇಳಿದರೆ ನಿಮಗೂ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಅಲ್ಲಿನ ಅದಿರು ಸಿಕ್ಕಿದ್ದು 1953ರಲ್ಲಿ. ಫ್ರಾಂಕ್ ಜೂಬಿನ್ ಅನ್ನುವ ಭೂವಿಜ್ಞಾನಿ ಅದರ ಹಿಂದೆ ಬಿದ್ದಿದ್ದರು. ವಿಕಿರಣ ಪತ್ತೆ ಮಾಡುವ ಗೈಗರ್ ಯಂತ್ರ ಜೋರಾಗಿ ಸದ್ದು ಮಾಡುತ್ತಿತ್ತು, ಆದರೆ ಮೇಲಿನ ಕಲ್ಲನ್ನು ಪರೀಕ್ಷೆ ಮಾಡಿದರೆ ಯುರೇನಿಯಂ ಇಲ್ಲ. ಕಲ್ಲಿನೊಳಗಿನ ಗಂಧಕದ ಖನಿಜ ಮಳೆಗಾಳಿಗೆ ಆಮ್ಲವಾಗಿ, ಮೇಲ್ಪದರದ ಯುರೇನಿಯಂ ಕರಗಿ ಹೋಗಿತ್ತು. ಇದನ್ನು ಊಹಿಸಿ ಆಳಕ್ಕೆ ಕೊರೆಸಿದರು, ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕಾಡಿನ ನಡುವೆ ಹತ್ತಾರು ಸಾವಿರ ಜನರ ಊರು ಎದ್ದಿತು. ಯುರೇನಿಯಂ ಅಮೆರಿಕದ ಅಣುಬಾಂಬಿಗೆ ಹೋಗುತ್ತಿತ್ತು. ಇನ್ನು ಮುಂದೆ ಬೇಡ ಅಂತ 1959ರಲ್ಲಿ ಅಮೆರಿಕ ಹೇಳಿದ್ದೇ ತಡ, ಜನ ಮನೆ ಬಿಟ್ಟು ಹೊರಟರು. ಎಪ್ಪತ್ತರ ದಶಕದಲ್ಲಿ ವಿದ್ಯುತ್ ಸ್ಥಾವರಗಳಿಗಾಗಿ ಮತ್ತೆ ಬೇಡಿಕೆ ಬಂತು. ನಮ್ಮ ತಾತ ಹುಡುಗನಾಗಿ ಗಣಿಗೆ ಇಳಿದದ್ದು ಆಗ.

ಆ ಅದಿರಿರುವುದು ಬೆಣಚುಕಲ್ಲಿನಲ್ಲಿ. ಒಂದು ಟನ್ ಕಲ್ಲು ಒಡೆದರೆ ಸಿಗುತ್ತಿದ್ದ ಯುರೇನಿಯಂ ಹೆಚ್ಚು ಕಡಿಮೆ ಒಂದು ಕಿಲೋ. ಉಳಿದದ್ದೆಲ್ಲ ಕಲ್ಲೇ, ಧೂಳೇ. ಯುರೇನಿಯಂನಿಂದ ಹುಟ್ಟುವ ರೇಡಾನ್ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಒಡೆದು ಆಗುವ ಕಣಗಳು ಧೂಳಿಗೆ ಅಂಟಿ ಶ್ವಾಸಕೋಶದಲ್ಲಿ ಕೂರುತ್ತವೆ, ಕ್ಯಾನ್ಸರ್ ತರುತ್ತವೆ. ಬೆಣಚಿನ ಧೂಳು ತನ್ನ ಪಾಡಿಗೆ ತಾನು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಅದೇ ಸಿಲಿಕೋಸಿಸ್. ಯುರೇನಿಯಂ ಅಂದರೆ ವಿಕಿರಣ ಅಂತ ಮಾತ್ರ ನಾನು ತಿಳಿದಿದ್ದೆ. ತಾತನ ಜೊತೆಗಾರರ ಉಸಿರು ಕಿತ್ತುಕೊಂಡಿದ್ದರಲ್ಲಿ ಬರೀ ಕಲ್ಲುಧೂಳಿನ ಪಾಲೂ ಇತ್ತು. ನಮ್ಮ ಚಿಕ್ಕಪ್ಪ ಬೆಳಗಿನಿಂದ ಸಂಜೆವರೆಗೆ ಕುಡಿದದ್ದು ಅದೇ ಧೂಳು.

1974ರ ಏಪ್ರಿಲ್‌ನಲ್ಲಿ ಅಲ್ಲಿನ ಕೆಲಸಗಾರರು ಗಣಿಗೆ ಇಳಿಯುವುದಿಲ್ಲ ಅಂತ ಕೂತುಬಿಟ್ಟರು. ತಾತನೂ ಕೂತವರೇ. ಕೂಲಿ ಜಾಸ್ತಿ ಕೊಡಿ ಅಂತಲ್ಲ, ನಮ್ಮ ಶ್ವಾಸಕೋಶಕ್ಕೆ ಏನಾಗಿದೆ ಹೇಳಿ ಅಂತ. ಅದೇ ವರ್ಷ ಅವರಿಗೆ ಇನ್ನೊಂದು ವಿಷಯ ಗೊತ್ತಾಯಿತು. ಎಲಿಯಟ್ ಲೇಕ್ ಗಣಿಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿದೆ ಅನ್ನುವ ಸರ್ಕಾರದ್ದೇ ಅಧ್ಯಯನವನ್ನು ಫ್ರಾನ್ಸ್‌ನ ಒಂದು ಸಮ್ಮೇಳನದಲ್ಲಿ ಓದಿದ್ದರು. ಸಮುದ್ರದಾಚೆಯ ವಿದ್ವಾಂಸರಿಗೆ ಗೊತ್ತು, ಗಣಿಯೊಳಗೆ ಇರುವವನಿಗೆ ಗೊತ್ತಿಲ್ಲ! ಇದನ್ನು ಹೇಳುವಾಗ ತಾತನ ದನಿ ಈಗಲೂ ಗಡುಸಾಗುತ್ತದೆ.

ಆ ಗಲಾಟೆಯಿಂದ ಜೇಮ್ಸ್ ಹ್ಯಾಮ್ ನೇತೃತ್ವದ ಆಯೋಗ ಬಂತು. 1976ರಲ್ಲಿ ವರದಿ ಕೊಟ್ಟಿತು. 1979ರಲ್ಲಿ ನಾವಿರುವ ಒಂಟಾರಿಯೋ ಪ್ರಾಂತ್ಯದಲ್ಲಿ ಹೊಸ ಕಾನೂನು ಜಾರಿಗೆ ಬಂತು. ಕೆಲಸದಲ್ಲಿರುವ ಅಪಾಯ ಏನು ಅಂತ ತಿಳಿದುಕೊಳ್ಳುವ ಹಕ್ಕು, ಸುರಕ್ಷತೆಯ ಮಾತುಕತೆಯಲ್ಲಿ ಕೂರುವ ಹಕ್ಕು, ಅಪಾಯ ಅನಿಸಿದರೆ ಕೆಲಸ ಮಾಡುವುದಿಲ್ಲ ಅನ್ನುವ ಹಕ್ಕು. ಇವತ್ತು ನಾನು ಕೂತು ಕೆಲಸ ಮಾಡುವ ಆಫೀಸಿನ ಗೋಡೆಯ ಮೇಲೂ ಆ ಕಾನೂನಿನ ಹಾಳೆ ಅಂಟಿಸಿದ್ದಾರೆ. ದಿನಾ ಅದರ ಮುಂದೆ ಓಡಾಡುತ್ತೇನೆ. ಅದು ಯಾರ ಕೆಮ್ಮಿನಿಂದ ಬಂತು ಅಂತ ಈಗ ತಿಳಿಯಿತು.

ಕೆನಡಾದವರು ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಉತ್ತರದ ಗ್ರೇಟ್ ಬೇರ್ ಲೇಕ್ ದಂಡೆಯಲ್ಲಿ 1930ರಲ್ಲಿ ಯುರೇನಿಯಂ ಇರುವ ಅದಿರು ಸಿಕ್ಕಿತು. ಅಲ್ಲಿಯ ಮೂಲನಿವಾಸಿ ಡೆನೆ ಜನ ಅದನ್ನು ಗೋಣಿಚೀಲಗಳಲ್ಲಿ ಬೆನ್ನ ಮೇಲೆ ಹೊತ್ತರು. ಹೊತ್ತದ್ದು ಏನು ಅಂತ ಅವರಿಗೆ ಯಾರೂ ಹೇಳಲಿಲ್ಲ. ಆ ಗಣಿಯ ಯುರೇನಿಯಂ ಅಮೆರಿಕದ ಬಾಂಬ್ ಯೋಜನೆಗೂ ಹೋಯಿತು ಅಂತ ತಿಳಿದ ಮೇಲೆ, 1998ರಲ್ಲಿ ಅವರ ಹಿರಿಯರು ಹಿರೋಶಿಮಾಗೆ ಹೋಗಿ ನೊಂದವರ ಎದುರು ದುಃಖ ಹೇಳಿಕೊಂಡು ಬಂದರು. ಹೊತ್ತವರು ಕ್ಷಮೆ ಕೇಳಿದರು! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಸಸ್ಕಾಚೆವಾನ್ ಪ್ರಾಂತ್ಯದ ಸಿಗಾರ್ ಲೇಕ್‌ನಂಥ ಗಣಿಯ ಅದಿರಿನಲ್ಲಿ ಯುರೇನಿಯಂ ಎಷ್ಟು ಹೆಚ್ಚು ಅಂದರೆ, ಎಲಿಯಟ್ ಲೇಕ್‌ನದ್ದಕ್ಕೆ ನೂರು ಪಟ್ಟು ಮೇಲು. ಮನುಷ್ಯರು ಅದರ ಹತ್ತಿರ ಹೋಗುವ ಹಾಗೇ ಇಲ್ಲ. ನೆಲವನ್ನು ಹೆಪ್ಪುಗಟ್ಟಿಸಿ, ಯಂತ್ರದಿಂದ ನೀರು ಚಿಮ್ಮಿಸಿ ಕೊರೆಯುತ್ತಾರೆ. ಎಲಿಯಟ್ ಲೇಕ್‌ನ ಕೊನೆಯ ಗಣಿ 1996ರಲ್ಲಿ ಮುಚ್ಚಿತು. ಅಲ್ಲೀಗ ನಿವೃತ್ತರ ಮನೆಗಳು.

ಇನ್ನೊಂದು ವಿಷಯ. ಎಲಿಯಟ್ ಲೇಕ್‌ನಂಥ ಬೆಣಚುಕಲ್ಲಿನ ಪದರ ನಮ್ಮ ಬಾಬಾ ಬುಡನ್ ಬೆಟ್ಟಗಳ ಬುಡದಲ್ಲೂ ಇದೆ. ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆಯ ಹೆಸರನ್ನೇ ಭೂವಿಜ್ಞಾನಿಗಳು ಆ ಪದರಕ್ಕೆ ಇಟ್ಟಿದ್ದಾರೆ. ಗಾಳಿಯಲ್ಲಿ ಆಮ್ಲಜನಕ ಹೆಚ್ಚಾಗುವ ಮೊದಲಿನ ಕಾಲದ ಕಲ್ಲು ಅದು. ಆಮ್ಲಜನಕ ಇದ್ದಿದ್ದರೆ ಯುರೇನಿಯಂ ಕರಗಿ ಹೊಳೆಯಲ್ಲಿ ಹೋಗಿಬಿಡುತ್ತಿತ್ತು. ಪಶ್ಚಿಮ ಘಟ್ಟದ ವಾಲ್ಕುಂಜಿಯಲ್ಲಿ ಇಂಥ ಕಲ್ಲಿನಲ್ಲೇ ಯುರೇನಿಯಂ ಕಂಡಿದ್ದಾರೆ, ಗಣಿ ಮಾತ್ರ ಆಗಲಿಲ್ಲ. ಯಾದಗಿರಿಯ ಗೋಗಿಯಲ್ಲಿ ಬೇರೆ ಬಗೆಯ ನಿಕ್ಷೇಪ ಸಿಕ್ಕಾಗ ಜನ ಎದ್ದು ನಿಂತರು. ನಿಲ್ಲಬೇಕಾದ್ದೇ. ಆದರೆ ಯುರೇನಿಯಂ ಅನ್ನುವ ಹೆಸರಿಗೆ ಬೆಚ್ಚಿಬೀಳುವ ನಾವು, ಊರ ಪಕ್ಕದ ಕ್ರಷರ್‌ನ ಧೂಳಿಗೆ ಯಾಕೆ ಸುಮ್ನೆ ಇದ್ದೇವೆ? ಅರಸೀಕೆರೆ ಕಡೆ ಹೋಗುವಾಗ ಬಸ್ಸಿನ ಕಿಟಕಿ ಮುಚ್ಚಿಕೊಂಡರೆ ಆಯಿತು, ಅಲ್ವಾ?

ತಾತ ಇನ್ನೊಂದು ಕತೆ ಹೇಳಿದರು. ಪಾಳಿಗೆ ಮುಂಚೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿ, ಅಲ್ಯೂಮಿನಿಯಂನ ಕರಿ ಪುಡಿ ಊದುತ್ತಿದ್ದರಂತೆ. ಉಸಿರೆಳೆದುಕೊಳ್ಳಿ, ಸಿಲಿಕೋಸಿಸ್ ಬರುವುದಿಲ್ಲ ಅಂತ. ಮೆಕಿಂಟೈರ್ ಪೌಡರ್ ಅಂತ ಅದರ ಹೆಸರು. 1943ರಿಂದ 1979ರವರೆಗೆ ಇಲ್ಲಿನ ಗಣಿಗಳಲ್ಲಿ ನಡೆದ ಪದ್ಧತಿ ಅದು. ಅದನ್ನು ಉಸಿರಾಡಿದ ಗಣಿಗಾರರೊಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಅವರ ಮಗಳು ಜಾನಿಸ್ ಮಾರ್ಟೆಲ್ ಸುಮ್ಮನೆ ಕೂರಲಿಲ್ಲ. ಅಪ್ಪನ ಜೊತೆ ಅದೇ ಪುಡಿ ಉಸಿರಾಡಿದವರ ಹೆಸರುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರು. ಕೊನೆಗೆ 2022ರಲ್ಲಿ ಒಂಟಾರಿಯೋ ಸರ್ಕಾರ ಆ ಪುಡಿಯಿಂದ ಬರುವ ಪಾರ್ಕಿನ್ಸನ್ ಅನ್ನು ಕೆಲಸದ ಕಾಯಿಲೆ ಅಂತ ಒಪ್ಪಿತು.

ಆ ಹೆಣ್ಣುಮಗಳ ಧೈರ್ಯದ ಮೇಲೆ ನಾನೂ ಊರಿಗೆ ಫೋನ್ ಮಾಡಿದೆ. "ಈಗ್ಯಾಕಮ್ಮ ಆ ಮಾತು? ಹೋದೋರು ಬರ್ತಾರಾ?" ಅಂದರು ಚಿಕ್ಕಮ್ಮ. ಸ್ವಲ್ಪ ಹೊತ್ತು ಬಿಟ್ಟು ಅವರೇ ಶುರು ಮಾಡಿದರು. "ರಾತ್ರಿ ಮನೆಗೆ ಬಂದ್ರೆ ರೆಪ್ಪೆ ಎಲ್ಲ ಬೆಳ್ಳಗಿರ್ತಿತ್ತು ಕಣಮ್ಮ. ಟವೆಲ್ ಒಗೆದು ಒಗೆದು ನನ್ ಕೈ ಬಿದ್ದೋಗ್ತಿತ್ತು." ಶನಿವಾರ ಬಟವಾಡೆ ಕೈಗೆ ಬರುತ್ತಿತ್ತು. ಚೀಟಿ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಅಲ್ಲಿ ಕೆಲಸ ಮಾಡಿದ್ದಕ್ಕೇ ದಾಖಲೆ ಇಲ್ಲದ ಮೇಲೆ, ಕೆಲಸದಿಂದ ಕಾಯಿಲೆ ಬಂತು ಅಂತ ಯಾರಿಗೆ ತೋರಿಸುವುದು? ನಮ್ಮ ದೇಶದ ಕಾನೂನಿನಲ್ಲೂ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ರಾಜಸ್ಥಾನ 2019ರಲ್ಲಿ ಇದಕ್ಕಾಗಿಯೇ ನೀತಿ ಮಾಡಿ ಕಲ್ಲು ಕೆಲಸದವರಿಗೆ ಪರಿಹಾರ ಕೊಡುತ್ತಿದೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಅಂಟುತ್ತದೆ. ಎಕ್ಸ್-ರೇಯಲ್ಲಿ ಒಂದನ್ನು ಇನ್ನೊಂದು ಅಂದುಕೊಳ್ಳುವುದೂ ಉಂಟು.

ಚಿಕ್ಕಪ್ಪನ ಮಗ ಈಗ ಹಳೆಯ ಮೇಸ್ತ್ರಿಯನ್ನು ಹುಡುಕಿ ಮಾತಾಡಿದ್ದಾನೆ. ಜೊತೆಯಲ್ಲಿ ದುಡಿದವರ ಹೆಸರು ಬರೆಯುತ್ತಿದ್ದಾನೆ. ಬದುಕಿರುವವರಲ್ಲಿ ಕೆಲವರಿಗೆ ಈಗಲೂ ಕೆಮ್ಮು ಇದೆಯಂತೆ. ಹಾಸನ, ಚಿಕ್ಕಮಗಳೂರು ಕಡೆ ನಿಮ್ಮ ಮನೆಯಲ್ಲೂ ಕ್ವಾರಿ, ಕ್ರಷರ್‌ನಲ್ಲಿ ದುಡಿದವರಿದ್ದರೆ, ಡಾಕ್ಟರ ಹತ್ತಿರ ಹೋದಾಗ ಕೆಮ್ಮಿನ ಜೊತೆ ಕೆಲಸದ ವಿಷಯವನ್ನೂ ಹೇಳಿ. ಎಷ್ಟು ವರ್ಷ ದುಡಿದರು, ಯಾವ ಯಂತ್ರದ ಹತ್ತಿರ ನಿಲ್ಲುತ್ತಿದ್ದರು, ಮೂಗಿಗೆ ಬಟ್ಟೆ ಕಟ್ಟುತ್ತಿದ್ದರಾ ಇಲ್ಲವಾ, ಎಲ್ಲವನ್ನೂ ಚೀಟಿಯಲ್ಲಿ ಬರೆಸಿ. ಹಳೆಯ ಎಕ್ಸ್-ರೇ ಫಿಲ್ಮ್‌ಗಳನ್ನು ದಯವಿಟ್ಟು ಬಿಸಾಡಬೇಡಿ.