ಊಟದ ಮೇಜಿನ ಮೇಲೆ ಹುಟ್ಟಿದ ನಿಘಂಟು

ಮಾರ್ಚ್ 30, 2025, ಭಾನುವಾರ

ಇವತ್ತು ಯುಗಾದಿ. ಒಬ್ಬಟ್ಟಿನ ಊಟ ಮುಗಿಸಿ ಮನೆಯವರೆಲ್ಲ ಮಲಗಿದ್ದಾರೆ. ಒಬ್ಬರೇ ಕೂತು ಸ್ಪ್ಯಾನಿಷ್ ಭಾಷೆಯ ದೊಡ್ಡ ನಿಘಂಟು ಬರೆದ ಮಾರಿಯಾ ಮೊಲಿನೆರ್ ಹುಟ್ಟಿದ್ದೂ ಇದೇ ತಾರೀಕು, 1900ರಲ್ಲಿ, ಸ್ಪೇನಿನ ಅರಗಾನ್ ಸೀಮೆಯ ಪನೀಸಾದಲ್ಲಿ. ಅವರ ಬಗ್ಗೆ ಬರೆಯೋಣ ಅಂತ ಕೂತೆ.

ಅರ್ಜೆಂಟೀನಾಗೆ ಹೋದ ಅಪ್ಪ ತಿರುಗಿ ಬರಲಿಲ್ಲ. ಪಾಠ ಹೇಳಿ ಮನೆಗೆ ನೆರವಾಗುತ್ತಲೇ ಓದಿ, ಗ್ರಂಥಪಾಲಕಿಯಾದರು. 1930ರ ದಶಕದಲ್ಲಿ ಹಳ್ಳಿಗಳಿಗೆ ಪುಸ್ತಕ ಮುಟ್ಟಿಸಲು ದುಡಿದರು. ಸ್ಪೇನಿನ ಅಂತರ್ಯುದ್ಧ ಮುಗಿದ ಮೇಲೆ ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಅವರನ್ನು ನೌಕರಿಯಲ್ಲಿ 18 ಸ್ಥಾನ ಕೆಳಗಿಳಿಸಿತು.

ನಿಘಂಟಿಗೆ ಕೈ ಹಾಕಿದಾಗ ಐವತ್ತು ದಾಟಿತ್ತು. ಮಗ ಪ್ಯಾರಿಸ್‌ನಿಂದ ತಂದ, ಇಂಗ್ಲಿಷ್ ಕಲಿಯುವವರ ನಿಘಂಟು ನೋಡಿ ಸ್ಪ್ಯಾನಿಷಿಗೂ ಇಂಥದ್ದು ಬೇಕು ಅನ್ನಿಸಿತಂತೆ. ಹಗಲು ಮ್ಯಾಡ್ರಿಡ್‌ನ ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿ ಕೆಲಸ. ಮನೆಯಲ್ಲಿ ಊಟದ ಮೇಜಿನ ತುಂಬ ಚೀಟಿಗಳು. ಬೇಗ ಮುಗಿಯುತ್ತೆ ಅಂದುಕೊಂಡದ್ದು ಹದಿನೈದು ವರ್ಷ ಹಿಡಿಯಿತು. 1966-67ರಲ್ಲಿ ಗ್ರೆದೋಸ್ ಪ್ರಕಾಶನ ಎರಡು ಸಂಪುಟ ತಂದಿತು. ಸುಮಾರು 3000 ಪುಟ!

ಹೆಸರೇ 'ಸ್ಪ್ಯಾನಿಷ್ ಬಳಕೆಯ ನಿಘಂಟು'. ನನಗೆ ಜಾಸ್ತಿ ಇಷ್ಟವಾಗುವುದು ಆ 'ಬಳಕೆ'. ಈ ಪದಕ್ಕೆ ಆ ಪದ ನೋಡಿ, ಆ ಪದಕ್ಕೆ ಈ ಪದ ನೋಡಿ ಅಂತ ಸುತ್ತಿಸುವ ನಿಘಂಟುಗಳಲ್ಲಿ ನಾವೆಲ್ಲ ಸುಸ್ತಾಗಿದ್ದೇವೆ, ಅಲ್ವಾ? ಮೊಲಿನೆರ್ ಆ ಸುತ್ತಾಟ ತಪ್ಪಿಸಲು ಒಂದೊಂದು ಅರ್ಥವನ್ನೂ ಹೊಸದಾಗಿ ಬರೆದರು. ಯಾವ ಪದ ಯಾವುದರ ಜೊತೆ ಹೊಂದುತ್ತದೆ, ವಾಕ್ಯದಲ್ಲಿ ಹೇಗೆ ಕೂರುತ್ತದೆ ಅಂತಲೂ ತೋರಿಸಿದರು. ಹೇಳಬೇಕಾದ್ದು ಮನಸ್ಸಿನಲ್ಲಿದೆ, ಪದ ಮಾತ್ರ ನಾಲಿಗೆಗೆ ಬರುತ್ತಿಲ್ಲ ಅನ್ನುವವರಿಗೂ ದಾರಿ ಮಾಡಿದರು. ಒಂದೇ ಬೇರಿನ ಪದಗಳನ್ನು ಒಂದು ಮನೆಯವರ ಹಾಗೆ ಒಟ್ಟಿಗೆ ಇಟ್ಟರು. 'ಚೆ' (ch), 'ಎಯ್ಯೆ' (ll) ಎಂಬ ಜೋಡಿ ಅಕ್ಷರಗಳಿಗೆ ಅಕಾರಾದಿಯಲ್ಲಿ ಬೇರೆ ಜಾಗ ಬೇಡ ಅಂತ ತೀರ್ಮಾನಿಸಿದರು. ಭಾಷೆಯ ನಿಯಮ ನಿರ್ಧರಿಸುವ ಸ್ಪ್ಯಾನಿಷ್ ಅಕಾಡೆಮಿಗಳು ಅದನ್ನು ಒಪ್ಪಿದ್ದು 1994ರಲ್ಲಿ.

1972ರಲ್ಲಿ ಸ್ಪೇನಿನ ಭಾಷಾ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಸದಸ್ಯತ್ವಕ್ಕೆ ಅವರ ಹೆಸರು ಬಂತು. ಆರಿಸಿದ್ದು ಭಾಷಾವಿಜ್ಞಾನಿ ಎಮಿಲಿಯೋ ಅಲಾರ್ಕೋಸ್ ಅವರನ್ನು. ಅವರೂ ದೊಡ್ಡ ವಿದ್ವಾಂಸರೇ, ನಿಜ. ಆದರೂ ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಈ ನಿಘಂಟನ್ನು ಗಂಡಸು ಬರೆದಿದ್ದರೆ, ಅವನಿನ್ನೂ ಅಕಾಡೆಮಿಯಲ್ಲಿ ಯಾಕಿಲ್ಲ ಅಂತ ಜನ ಕೇಳುತ್ತಿದ್ದರು ಎಂಬ ಅರ್ಥದ ಮಾತನ್ನು ಮೊಲಿನೆರ್ ಅವರೇ ಆಡಿದ್ದರು.

ನಿವೃತ್ತಿಯಾದ ಮೇಲೂ ಮುಂದಿನ ಆವೃತ್ತಿಗೆ ಪದ ಕೂಡಿಸುತ್ತಿದ್ದರು. 1970ರ ದಶಕದಲ್ಲಿ ಮಿದುಳಿನ ಕಾಯಿಲೆ ಶುರುವಾಯಿತು. ಬುದ್ಧಿ ಮಂಕಾಗುತ್ತಾ ಹೋಯಿತು. 1981ರ ಜನವರಿ 22ರಂದು ತೀರಿಕೊಂಡರು. ಆ ಆವೃತ್ತಿಯನ್ನು ಅವರು ನೋಡಲಿಲ್ಲ.